ಎಂಜಿನ್ ಸೊರಗಿದಾಗ: ಡೀಸೆಲ್ ಪಂಪು ಬಿಚ್ಚುವ ಮೊದಲು ಒತ್ತಡ ನೋಡಿ



ರೊಬಸ್ಟಾ ಬೆಳೆಗಾರನಿಗೆ ಹೂವಿನ ನೀರಿಗೆಂದು ಸಿಗುವ ದಿನಗಳು ಎಣಿಕೆಯವು. ಫೆಬ್ರವರಿ ಮಾರ್ಚಿನಲ್ಲಿ ಮೊಗ್ಗು ಸಿದ್ಧವಾಗಿ ನಿಂತಿರುತ್ತದೆ. ಮಳೆ ಬಂದರೆ ದೇವರ ದಯೆ. ಬಾರದಿದ್ದರೆ ಕೆರೆಯ ಅಥವಾ ಹಳ್ಳದ ನೀರನ್ನು ಎತ್ತಿ ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ಹಾರಿಸಬೇಕು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹೂವಿಗೆ ಒಂದರಿಂದ ಒಂದೂವರೆ ಅಂಗುಲ ಬೇಕು. ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ ಬ್ಯಾಕಿಂಗಿಗೆ ಇನ್ನೊಮ್ಮೆ ಬೇಕು. ಅಡಿಕೆ ತೋಟಕ್ಕೆ ನೀರು ಎರಡು ದಿನ ತಡವಾದರೆ ಮರ ತಡೆದುಕೊಂಡೀತು. ಅರ್ಧ ನೀರು ಕುಡಿದ ಕಾಫಿ ಮೊಗ್ಗು ತಡೆದುಕೊಳ್ಳುವುದಿಲ್ಲ. ಅದು ಸರಿಯಾಗಿ ಅರಳುವುದೂ ಇಲ್ಲ, ಹಿಂದಿನ ಸ್ಥಿತಿಗೆ ಹೋಗುವುದೂ ಇಲ್ಲ.

ಇಷ್ಟು ನೀರನ್ನು ಗುಡ್ಡದ ಮೇಲಕ್ಕೆ ಎತ್ತುವ ಕೆಲಸಕ್ಕೆ ನಮ್ಮಲ್ಲಿ ಅನೇಕರು ನಾಲ್ಕು ಅಥವಾ ಆರು ಸಿಲಿಂಡರಿನ ದೊಡ್ಡ ಡೀಸೆಲ್ ಎಂಜಿನನ್ನೇ ನಂಬಿದ್ದಾರೆ. ಹಳೆಯ ಲಾರಿಯ ಎಂಜಿನನ್ನು ಟ್ರಾಲಿಯ ಮೇಲೆ ಕೂರಿಸಿ ಪಂಪಿಗೆ ಜೋಡಿಸಿಕೊಂಡವರೂ ಇದ್ದಾರೆ. ಈ ಎಂಜಿನ್ ವರ್ಷದಲ್ಲಿ ಒಂದು ತಿಂಗಳು ಹಗಲಿರುಳು ದುಡಿದು ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಮಲಗಿರುತ್ತದೆ. ಅದು ಕೈಕೊಡುವುದಾದರೆ ದುಡಿಯುವ ಆ ಒಂದು ತಿಂಗಳಲ್ಲೇ ಕೊಡುತ್ತದೆ.

ಒಂದು ಅನುಭವದಿಂದಲೇ ಆರಂಭಿಸುತ್ತೇವೆ. ಅದರಲ್ಲಿ ತಪ್ಪು ನಮ್ಮದು. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು ನಮ್ಮನ್ನು ಕರೆಸಿದರು. ಅವರ ಎಂಜಿನ್ ಬೆಳಿಗ್ಗೆ ಚೆನ್ನಾಗಿ ಹೊರಡುತ್ತಿತ್ತು. ಒಂದೂವರೆ ಗಂಟೆ ಓಡಿದ ಮೇಲೆ ಸದ್ದು ಇಳಿದು, ಜೆಟ್ಟಿನ ನೀರು ಹಾರುವ ದೂರ ಕಡಿಮೆಯಾಗಿ, ಹನಿ ದಪ್ಪನಾಗಿ ಬೀಳುತ್ತಿತ್ತು. ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಹೊರಡಿಸಿದರೆ ಮತ್ತೆ ಸರಿ. ಮೆಕ್ಯಾನಿಕ್ ಬಂದು ನೋಡಿ ‘ಡೀಸೆಲ್ ಪಂಪು ಹೋಗಿದೆ’ ಎಂದ. ನಾವೂ ತಲೆಯಾಡಿಸಿದೆವು. ಇಂಜೆಕ್ಷನ್ ಪಂಪನ್ನು ಬಿಚ್ಚಿ ಪೇಟೆಗೆ ಕಳುಹಿಸಿ, ಅಲ್ಲಿ ಸಾಲಿನಲ್ಲಿ ಕಾದು, ಹಣ ತೆತ್ತು ತರುವಷ್ಟರಲ್ಲಿ ಐದು ದಿನ ಕಳೆಯಿತು. ಕೂರಿಸಿ ಹೊರಡಿಸಿದರೆ ಒಂದೂವರೆ ಗಂಟೆಗೆ ಎಂಜಿನ್ ಮತ್ತೆ ಸೊರಗಿತು.

ಕೊನೆಗೆ ಕಾರಣ ಸಿಕ್ಕಿದ್ದು ಡೀಸೆಲ್ ಇಟ್ಟಿದ್ದ ಬ್ಯಾರೆಲ್ಲಿನಲ್ಲಿ. ಮಳೆಗಾಲವಿಡೀ ಅರ್ಧ ತುಂಬಿ ನಿಂತಿದ್ದ ಬ್ಯಾರೆಲ್ಲಿನ ತಳದಲ್ಲಿ ನೀರು ಸೇರಿ, ನೀರು ಡೀಸೆಲ್ ಕೂಡುವಲ್ಲಿ ಕಪ್ಪು ಲೋಳೆ ಬೆಳೆದಿತ್ತು. ಅದರ ಜೊತೆ ಒಂದು ಹಿಡಿ ಕಾಟನ್ ವೇಸ್ಟು. ಎಂಜಿನ್ ಎಳೆದಂತೆಲ್ಲ ಆ ಮುದ್ದೆ ಮೆಲ್ಲಮೆಲ್ಲನೆ ಬಂದು ಹೀರುವ ಪೈಪಿನ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ನಿಲ್ಲಿಸಿದಾಗ ಕಳಚಿ ಕೆಳಗೆ ಬೀಳುತ್ತಿತ್ತು. ಒಂದು ಗೇಜು ಹಾಕಿ ನೋಡಿದ್ದರೆ ಅರ್ಧ ದಿನದಲ್ಲಿ ತಿಳಿಯುವ ಸಂಗತಿ. ಆ ಐದು ದಿನದಲ್ಲಿ ತೋಟದ ಕೆಳಗಿನ ಭಾಗಕ್ಕೆ ನೀರು ಅರ್ಧವಾಗಿ ನಿಂತಿತ್ತು. ಆ ವರ್ಷ ಅಲ್ಲಿ ಕಾಯಿ ಹೇಗೆ ಕಚ್ಚಿತೆಂದು ನಾವು ಬರೆಯಬೇಕಾಗಿಲ್ಲ.

ಎರಡು ಒತ್ತಡಗಳು

ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯ ದಾರಿ ಎರಡು ಭಾಗ. ಇಂಜೆಕ್ಷನ್ ಪಂಪಿನಿಂದ ನಾಜಲ್ಲಿನವರೆಗೆ ಇರುವ ಉಕ್ಕಿನ ಸಣ್ಣ ಪೈಪುಗಳು ಹೆಚ್ಚಿನ ಒತ್ತಡದ ಭಾಗ. ನಾವು ಹೇಳುವ ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ನಾಜಲ್ ತೆರೆಯುವುದು ಸುಮಾರು 200 ಕಿಲೋ ಒತ್ತಡದಲ್ಲಿ, ಅಂದರೆ ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ. ಅಲ್ಲಿ ನಮ್ಮ ನಿಮ್ಮ ಕೈಗೆ ಕೆಲಸವಿಲ್ಲ. ಪಂಪಿನ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ನಾಲ್ಕು ಪಾಲು ಮಾತ್ರ. ಅದನ್ನು ಬಿಚ್ಚಿ ಹೊಂದಿಸಲು ಬೆಂಚು ಬೇಕು, ನುರಿತವರು ಬೇಕು.

ಟ್ಯಾಂಕಿನಿಂದ ಹೊರಟು ಜಾಲರಿ, ಫೀಡ್ ಪಂಪು, ಫಿಲ್ಟರುಗಳನ್ನು ದಾಟಿ ಇಂಜೆಕ್ಷನ್ ಪಂಪಿನ ಹೊಟ್ಟೆಯನ್ನು ಸೇರಿ, ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುವ ದಾರಿ ಕಡಿಮೆ ಒತ್ತಡದ ಭಾಗ. ಇಲ್ಲಿ ಒತ್ತಡ ಒಂದು ಒಂದೂವರೆ ಕಿಲೋ ಅಷ್ಟೇ. ಲಾರಿ ಟೈರಿನ ಗಾಳಿಗಿಂತ ಎಷ್ಟೋ ಕಡಿಮೆ. ಆದರೆ ಈ ಒಂದು ಕಿಲೋ ಇಲ್ಲದಿದ್ದರೆ ಆ 200 ಕಿಲೋ ಹುಟ್ಟುವುದಿಲ್ಲ. ಇಂಜೆಕ್ಷನ್ ಪಂಪಿನ ಪ್ಲಂಜರು ಕೆಳಗಿಳಿದಾಗ ಅದರ ಮೇಲಿನ ಜಾಗ ಕ್ಷಣಮಾತ್ರದಲ್ಲಿ ಡೀಸೆಲ್ಲಿನಿಂದ ತುಂಬಬೇಕು. ಒತ್ತಡವಿಲ್ಲದಿದ್ದರೆ ಅರ್ಧ ತುಂಬುತ್ತದೆ, ಇಲ್ಲವೇ ಗಾಳಿಯ ಗುಳ್ಳೆ ಸೇರುತ್ತದೆ. ಅರ್ಧ ತುಂಬಿದ ಕೊಡದಿಂದ ಪೂರ್ತಿ ನೀರು ಬಗ್ಗಿಸಲು ಬರುತ್ತದೆಯೇ? ಎಂಜಿನ್ ಬರಿದಾಗಿ ಓಡುವಾಗ ಈ ಕೊರತೆ ತಿಳಿಯುವುದಿಲ್ಲ, ಆಗ ಡೀಸೆಲ್ ಬೇಕಾಗುವುದೇ ಸ್ವಲ್ಪ. ಭಾರ ಬಿದ್ದಾಗ ಮಾತ್ರ ತಿಳಿಯುತ್ತದೆ.

ಆದ್ದರಿಂದ ಶಕ್ತಿ ಕುಂದಿದಾಗ ಮೊದಲು ನೋಡಬೇಕಾದ್ದು ಈ ಕಡಿಮೆ ಒತ್ತಡದ ಭಾಗ. ಇದು ಅಗ್ಗದ್ದು, ತೋಟದಲ್ಲೇ ಆಗುವಂಥದ್ದು.

ಫೀಡ್ ಪಂಪಿನ ಗುಣ

ನಮ್ಮ ಕಡೆಯ ಹಳೆಯ ಎಂಜಿನ್‌ಗಳಲ್ಲಿ ಬಹುಪಾಲು ಬಾಷ್ ಮಾದರಿಯ ಸಾಲು ಪಂಪು ಇರುತ್ತದೆ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆ ತಯಾರಿಸಿದ ಪಂಪುಗಳೇ ಹೆಚ್ಚು. 2008ರಿಂದ ಆ ಸಂಸ್ಥೆಯ ಹೆಸರು ಬಾಷ್ ಎಂದಾಗಿದ್ದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಮೈಕೋ ಪಂಪೇ. ಇದರ ಪಕ್ಕಕ್ಕೆ ಅಂಟಿಕೊಂಡಿರುವ ಫೀಡ್ ಪಂಪಿನೊಳಗೆ ಒಂದು ಪಿಸ್ಟನ್, ಒಂದು ಸ್ಪ್ರಿಂಗು, ಎರಡು ಸಣ್ಣ ವಾಲ್ವುಗಳಿವೆ. ಇಂಜೆಕ್ಷನ್ ಪಂಪಿನ ಕ್ಯಾಮು ಪಿಸ್ಟನ್ನನ್ನು ತಳ್ಳುತ್ತದೆ. ಆದರೆ ಡೀಸೆಲನ್ನು ಫಿಲ್ಟರಿಗೆ ನೂಕುವುದು ಕ್ಯಾಮು ಅಲ್ಲ, ಹಿಂದಕ್ಕೆ ಮರಳುವ ಸ್ಪ್ರಿಂಗು. ಇದನ್ನು ನೆನಪಿನಲ್ಲಿಟ್ಟರೆ ಅನೇಕ ವಿಷಯ ಬಿಡಿಸಿದಂತಾಗುತ್ತದೆ. ಸ್ಪ್ರಿಂಗಿಗೆ ಇರುವಷ್ಟೇ ಬಲ, ಪಂಪಿಗೆ ಅಷ್ಟೇ ಒತ್ತಡ. ಮುಂದೆ ದಾರಿ ಮುಚ್ಚಿದ್ದರೆ ಪಿಸ್ಟನ್ ಹಿಂದಕ್ಕೆ ಬರದೆ ಸುಮ್ಮನಿರುತ್ತದೆ, ಏನೂ ಒಡೆಯುವುದಿಲ್ಲ. ಈ ಕಾರಣದಿಂದ ಪಿಸ್ಟನ್ ಮಾದರಿಯ ಫೀಡ್ ಪಂಪಿನ ಹೊರದಾರಿಯನ್ನು ಪರೀಕ್ಷೆಗಾಗಿ ಕ್ಷಣಕಾಲ ಮುಚ್ಚಬಹುದು. ಹಲ್ಲಿನ ಚಕ್ರದ ಮಾದರಿಯ ಪಂಪಿದ್ದರೆ ಹಾಗೆ ಮಾಡಲೇಬಾರದು.

ಗೇಜು ಜೋಡಿಸುವುದು

ಬೇಕಾದ್ದು ಎರಡು ಗೇಜು. ಒಂದು ಸೊನ್ನೆಯಿಂದ ನಾಲ್ಕು ಕಿಲೋವರೆಗೆ ತೋರಿಸುವ ಪ್ರೆಶರ್ ಗೇಜು. ಟೈರ್ ಅಂಗಡಿಯ ಹತ್ತು ಕಿಲೋ ಗೇಜಿನಲ್ಲಿ ಒಂದು ಕಿಲೋ ಎಂಬುದು ಸೂಜಿಯ ಒಂದು ಅಲುಗಾಟ ಮಾತ್ರ, ಅದು ಪ್ರಯೋಜನಕ್ಕೆ ಬಾರದು. ಎರಡನೆಯದು ಎಳೆತ ತೋರಿಸುವ ವ್ಯಾಕ್ಯೂಮ್ ಗೇಜು. ಇದರಲ್ಲಿ ಪಾದರಸದ ಅಂಗುಲದ ಲೆಕ್ಕ, ಸೊನ್ನೆಯಿಂದ ಮೂವತ್ತರವರೆಗೆ. ಹಳೆಯ ಗೇಜುಗಳಲ್ಲಿ ಪೌಂಡು ಇದ್ದರೆ ಒಂದು ಕಿಲೋಗೆ ಹದಿನಾಲ್ಕು ಪೌಂಡು ಎಂದು ತಿಳಿಯಿರಿ. ಇವುಗಳ ಜೊತೆಗೆ ಡೀಸೆಲ್ ತಡೆಯುವ ಆರಡಿ ಹೋಸು, ಬದಿಯಲ್ಲಿ ತೂತು ಕೊರೆದು ಗೇಜಿನ ನಿಪ್ಪಲ್ ಕೂರಿಸಿದ ಬ್ಯಾಂಜೊ ಬೋಲ್ಟು, ಹೊಸ ತಾಮ್ರದ ವಾಷರುಗಳು, ಒಂದು ಅಡಿ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಬೋಲ್ಟಿನ ಮರೆ ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಹಳೆಯದನ್ನೇ ಅಂಗಡಿಗೆ ಒಯ್ದು ಹೊಂದಿಸಿ ತನ್ನಿ.

ಬಿಚ್ಚುವ ಮೊದಲು ಸುತ್ತಲಿನ ಕೆಸರು ಧೂಳನ್ನು ಡೀಸೆಲ್ ಬ್ರಷ್ಷಿನಿಂದ ತೊಳೆಯಿರಿ. ಕೊಳಕು ಪರೀಕ್ಷೆಯಿಂದಲೇ ಕೊಳಕು ಒಳಗೆ ಹೋಗಬಾರದು. ಎಂಜಿನ್ ತಣ್ಣಗಿರಲಿ. ಸೈಲೆನ್ಸರಿನ ಮೇಲೆ ಬಿದ್ದ ಡೀಸೆಲ್ ಹೊತ್ತಿಕೊಳ್ಳುವುದಕ್ಕೆ ಬೀಡಿಯ ಕಿಡಿಯೂ ಬೇಕಾಗಿಲ್ಲ. ಹೋಸನ್ನು ಫ್ಯಾನು ಬೆಲ್ಟುಗಳಿಂದ ದೂರ ಕಟ್ಟಿ. ಜೋಡಿಸಿದ ಮೇಲೆ ಫಿಲ್ಟರಿನ ತಲೆಯ ಏರ್ ಸ್ಕ್ರೂ ಸಡಿಲಿಸಿ, ಕೈ ಪ್ರೈಮರನ್ನು ಒತ್ತುತ್ತ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆದು ಬಿಗಿಮಾಡಿ. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿಯೂ ಹಾಗೆಯೇ. ಪ್ರೈಮರಿನ ಹಿಡಿಯನ್ನು ತಿರುಗಿಸಿ ಭದ್ರಪಡಿಸಲು ಮರೆಯಬೇಡಿ. ಸಡಿಲ ಬಿಟ್ಟ ಪ್ರೈಮರೇ ಗಾಳಿ ಎಳೆಯುವುದುಂಟು. ಆಗ ಇಲ್ಲದ ರೋಗಕ್ಕೆ ಮದ್ದು ಹುಡುಕಿದಂತಾಗುತ್ತದೆ.

ಇನ್ನೊಂದು ಮಾತು. ಬ್ಯಾರೆಲ್ಲಿನಿಂದ ಡೀಸೆಲ್ ಇಳಿಸಲು ಪೈಪನ್ನು ಬಾಯಿಂದ ಎಳೆಯುವ ಅಭ್ಯಾಸ ನಮ್ಮ ತೋಟಗಳಲ್ಲಿ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಅದು ಆಸ್ಪತ್ರೆಯ ದಾರಿ. ಹಾಗೆ ಆದರೆ ವಾಂತಿ ಮಾಡಿಸಲೂ ಬಾರದು, ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು. ಕೈ ಪಂಪಿನ ಬೆಲೆ ಅದಕ್ಕಿಂತ ಕಡಿಮೆ.

ಎಲ್ಲಕ್ಕಿಂತ ಮುಖ್ಯ: ಓದನ್ನು ಭಾರದಲ್ಲೇ ತೆಗೆಯಬೇಕು. ಪಂಪು ನೀರೆತ್ತುತ್ತಿರಬೇಕು, ಜೆಟ್ಟುಗಳು ತೆರೆದಿರಬೇಕು, ಎಂಜಿನ್ ದಿನವೂ ಓಡುವ ವೇಗದಲ್ಲಿರಬೇಕು. ಶೆಡ್ಡಿನಲ್ಲಿ ಬರಿದಾಗಿ ಓಡಿಸಿ ನೋಡಿದ ಅಂಕಿ ನಂಬಲು ಬಾರದು. ನಮ್ಮ ಆ ಸದಸ್ಯರ ಎಂಜಿನ್ನಿನಂತೆ ಗಂಟೆ ಕಳೆದ ಮೇಲೆ ಸೊರಗುವುದಾದರೆ ಗಂಟೆ ಕಳೆಯುವವರೆಗೂ ಗೇಜಿನ ಬಳಿ ಕೂತಿರಬೇಕು. ಪಿಸ್ಟನ್ ಪಂಪಿನ ಬಡಿತಕ್ಕೆ ಸೂಜಿ ನಡುಗುತ್ತದೆ. ಗೇಜಿನ ಹಿಂದೆ ಒಂದು ಸಣ್ಣ ನಲ್ಲಿ ಇಟ್ಟು ಮುಕ್ಕಾಲು ಮುಚ್ಚಿದರೆ ನಡುಕ ನಿಂತು ಓದು ಸ್ಪಷ್ಟವಾಗುತ್ತದೆ.

ಹೀರುವ ಕಡೆ

ಮೊದಲು ವ್ಯಾಕ್ಯೂಮ್ ಗೇಜನ್ನು ಫೀಡ್ ಪಂಪಿನ ಒಳದಾರಿಗೆ ಜೋಡಿಸಿ. ನಮ್ಮ ಅನುಭವದಲ್ಲಿ ದೋಷ ಸಿಗುವುದು ಹೆಚ್ಚಾಗಿ ಇಲ್ಲಿಯೇ, ಜನ ನೋಡದೆ ಬಿಡುವುದೂ ಇಲ್ಲಿಯೇ. ಗೇಜು ಸುಮಾರು ನಾಲ್ಕು ಅಂಗುಲದೊಳಗೆ ನಿಂತರೆ ದಾರಿ ಸಲೀಸಾಗಿದೆ. ಎಂಟು ದಾಟಿದರೆ ಎಲ್ಲೋ ತಡೆಯಿದೆ ಎಂದು ನಾವು ಎಣಿಸುತ್ತೇವೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ.

ತಡೆ ಎಲ್ಲಿ? ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿವಿಗೊಡಿ. ಸುಂಯ್ ಎಂದು ಗಾಳಿ ಒಳಗೆ ಹೋಗಿ ಗೇಜು ಇಳಿದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಕಣಜದ ಗೂಡಿನ ಮಣ್ಣಿಗೆ ಅಷ್ಟು ಸಾಕು. ಇಳಿಯದಿದ್ದರೆ ಫೀಡ್ ಪಂಪಿನ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿ ಜಾಲರಿ ತೊಳೆಯಿರಿ. ಅಲ್ಲಿಯೂ ಇಲ್ಲದಿದ್ದರೆ ಹೀರುವ ಪೈಪನ್ನೇ ಬದಲಿಸಿ, ಒಂದು ಕ್ಯಾನಿನ ಶುದ್ಧ ಡೀಸೆಲ್ಲಿಗೆ ಇಳಿಬಿಟ್ಟು ಓಡಿಸಿ. ಗೇಜು ಇಳಿದು ಎಂಜಿನ್ ಚೇತರಿಸಿಕೊಂಡರೆ ಕಳ್ಳ ಹಳೆಯ ಪೈಪಿನಲ್ಲಿ ಅಥವಾ ಟ್ಯಾಂಕಿನಲ್ಲಿದ್ದಾನೆ. ಒಳಪದರ ಕಿತ್ತು ಬಾಗಿಲಿನಂತೆ ಮುಚ್ಚಿಕೊಳ್ಳುವ ರಬ್ಬರ್ ಹೋಸುಗಳನ್ನೂ ನಾವು ಕಂಡಿದ್ದೇವೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತವೆ.

ಬ್ಯಾರೆಲ್ಲನ್ನು ನೆಲದ ಮೇಲಿಟ್ಟು ಡೀಸೆಲ್ ಎಳೆಸುವವರು ಒಂದು ಲೆಕ್ಕ ಗಮನಿಸಬೇಕು. ಡೀಸೆಲ್ಲನ್ನು ಒಂದು ಮೀಟರು ಮೇಲಕ್ಕೆ ಎಳೆಯಲು ಎರಡೂಕಾಲು ಅಂಗುಲಕ್ಕೂ ಮಿಕ್ಕಿ ವ್ಯಾಕ್ಯೂಮ್ ಖರ್ಚಾಗುತ್ತದೆ. ಬ್ಯಾರೆಲ್ ಬರಿದಾಗುತ್ತ ಬಂದಂತೆ ಎತ್ತರ ಹೆಚ್ಚುತ್ತದೆ, ಎಳೆತವೂ ಹೆಚ್ಚುತ್ತದೆ. ನಾಲ್ಕು ಸೈಜುಗಲ್ಲಿನ ಕಟ್ಟೆ ಕಟ್ಟಿ ಬ್ಯಾರೆಲ್ಲನ್ನು ಎತ್ತರದಲ್ಲಿ ಇಟ್ಟರೆ ಈ ಖರ್ಚು ಉಳಿಯುತ್ತದೆ. ಆದರೆ ಎಂಜಿನ್ ನಿಲ್ಲಿಸಿದಾಗ ನಲ್ಲಿ ಮುಚ್ಚುವ ಅಭ್ಯಾಸ ಬೇಕು.

ಗೇಜು ಹೆಚ್ಚು ತೋರಿಸದೆ, ಸೊನ್ನೆಯ ಹತ್ತಿರವೇ ಇದ್ದು ಎಂಜಿನ್ ಸೊರಗುತ್ತಿದ್ದರೆ ಗಾಳಿಯ ಸಂಶಯ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ‘ಎಲ್ಲಿಯೂ ಸೋರುತ್ತಿಲ್ಲ, ಆದ್ದರಿಂದ ಪೈಪು ಸರಿಯಿದೆ’ ಎನ್ನುತ್ತಾರೆ. ಹೀರುವ ಪೈಪಿನಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ ಪೈಪೇ ಅಪರಾಧಿಯಾಗಿರಬಹುದು. ಟ್ಯಾಂಕು ಕೆಳಗಿದ್ದರೆ ಇದಕ್ಕೆ ಇನ್ನೊಂದು ಗುರುತು: ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದುಹೋಗಿ ಬೆಳಿಗ್ಗೆ ಪ್ರೈಮರ್ ಒತ್ತಿ ಒತ್ತಿ ಕೈ ಸೋಲುತ್ತದೆ. ಪಾರದರ್ಶಕ ಪೈಪಿನ ತುಂಡನ್ನು ಫೀಡ್ ಪಂಪಿನ ಮುಂದೆ ಜೋಡಿಸಿ ನೋಡಿ. ಹೊರಟ ಕೂಡಲೇ ಒಂದೆರಡು ಗುಳ್ಳೆ ಬರುವುದು ಸಹಜ. ಐದು ನಿಮಿಷ ಕಳೆದರೂ ಗುಳ್ಳೆಯ ಸಾಲು ನಿಲ್ಲದಿದ್ದರೆ ಅಲ್ಲಿಂದ ಟ್ಯಾಂಕಿನವರೆಗೆ ಪ್ರತಿಯೊಂದು ವಾಷರು, ಪ್ರತಿಯೊಂದು ಕ್ಲಿಪ್ಪು ನೋಡಬೇಕು. ಒಮ್ಮೆ ಬಿಗಿದ ತಾಮ್ರದ ವಾಷರನ್ನು ಎರಡನೆಯ ಸಲ ಹಾಕುವ ಉಳಿತಾಯ ಬೇಡ. ಅನಿವಾರ್ಯವಾದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದುಮಾಡಿ ಹಾಕಿ.

ನೂಕುವ ಕಡೆ

ಈಗ ಪ್ರೆಶರ್ ಗೇಜು. ಒಮ್ಮೆ ಫೀಡ್ ಪಂಪಿಗೂ ಫಿಲ್ಟರಿಗೂ ನಡುವೆ, ಇನ್ನೊಮ್ಮೆ ಫಿಲ್ಟರಿಗೂ ಇಂಜೆಕ್ಷನ್ ಪಂಪಿಗೂ ನಡುವೆ ನೋಡಬೇಕು. ಈ ಜಾತಿಯ ಬಹುಪಾಲು ಎಂಜಿನ್‌ಗಳಲ್ಲಿ ಇಂಜೆಕ್ಷನ್ ಪಂಪಿನ ಬಾಗಿಲಲ್ಲಿ ಒಂದರಿಂದ ಒಂದೂವರೆ ಕಿಲೋ ಇರುವುದು ರೂಢಿ. ಫಿಲ್ಟರಿನ ಮೊದಲು ಚೆನ್ನಾಗಿದ್ದು ನಂತರ ಇಳಿದರೆ ಫಿಲ್ಟರು ಕಟ್ಟಿದೆ. ಎರಡರ ನಡುವಿನ ವ್ಯತ್ಯಾಸ ಕಿಲೋದ ಮೂರನೆಯ ಒಂದು ಪಾಲನ್ನು ಮುಟ್ಟಿದರೆ ನಾವು ಕಾಗದದ ಫಿಲ್ಟರನ್ನು ಬದಲಿಸುತ್ತೇವೆ. ಗಂಟೆಗಳ ಲೆಕ್ಕ ನೋಡಿ ಬದಲಿಸುವುದೂ ಸರಿಯೇ, ಆದರೆ ಲೋಳೆ ಬೆಳೆದ ಒಂದು ಬ್ಯಾರೆಲ್ ಡೀಸೆಲ್ ಹೊಸ ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಬಿಡಬಲ್ಲುದು. ಫಿಲ್ಟರಿಗೆ ಗಡಿಯಾರ ಗೊತ್ತಿಲ್ಲ.

ಎರಡೂ ಕಡೆ ಒತ್ತಡ ಕಡಿಮೆಯಿದ್ದು, ಹೀರುವ ಕಡೆ ತಡೆಯೂ ಇಲ್ಲ, ಗುಳ್ಳೆಯೂ ಇಲ್ಲ ಎಂದಾದರೆ ಉಳಿಯುವುದು ಎರಡು ಸಾಧ್ಯತೆ. ಫೀಡ್ ಪಂಪು ಸೋತಿರಬೇಕು, ಇಲ್ಲವೇ ನೂಕಿದ್ದೆಲ್ಲ ರಿಟರ್ನಿಗೆ ಹರಿದುಹೋಗುತ್ತಿರಬೇಕು. ಇಂಜೆಕ್ಷನ್ ಪಂಪಿನ ಹೊರದಾರಿಯಲ್ಲಿ ಓವರ್‌ಫ್ಲೋ ವಾಲ್ವು ಎಂಬ ಬೋಲ್ಟಿನಾಕಾರದ ಸಣ್ಣ ಭಾಗವಿದೆ. ಒಳಗೆ ಸ್ಪ್ರಿಂಗು ಗುಂಡು ಇರುವ ಅದು ಒತ್ತಡವನ್ನು ಹಿಡಿದಿಡುವ ಕಟ್ಟೆಯಿದ್ದಂತೆ. ಅದು ಹಾಳಾದಾಗ ಕೆಲವರು ಅದರ ಜಾಗದಲ್ಲಿ ಬರಿಯ ಟೊಳ್ಳು ಬೋಲ್ಟು ಹಾಕಿ ಕಳುಹಿಸುತ್ತಾರೆ. ಕಟ್ಟೆ ಒಡೆದ ಗದ್ದೆಯಲ್ಲಿ ನೀರು ನಿಲ್ಲುತ್ತದೆಯೇ? ರಿಟರ್ನ್ ಹೋಸನ್ನು ಕ್ಷಣಕಾಲ ಹಿಸುಕಿ ನೋಡಿ. ಗೇಜು ತಟ್ಟನೆ ಏರಿದರೆ ಫೀಡ್ ಪಂಪು ಸರಿಯಿದೆ, ವಾಲ್ವು ಬದಲಿಸಿ. ಏರದಿದ್ದರೆ ಫೀಡ್ ಪಂಪಿನ ವಾಲ್ವುಗಳ ಕೆಳಗೆ ಕಸ ಕೂತಿದೆಯೇ, ಸ್ಪ್ರಿಂಗು ತುಂಡಾಗಿದೆಯೇ ನೋಡಬೇಕು. ಕಸವಾದರೆ ತೊಳೆದರೆ ಸಾಕು. ಇಂಜೆಕ್ಷನ್ ಪಂಪಿನ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಫೀಡ್ ಪಂಪಿನ ಒಳಗಿನಿಂದ ಡೀಸೆಲ್ ಅಲ್ಲಿಗೆ ಇಳಿಯುತ್ತಿರಬಹುದು, ಅದನ್ನು ಅಲಕ್ಷಿಸಬೇಡಿ.

ಇಷ್ಟೂ ಸರಿಯಿದ್ದು, ಏರ್ ಕ್ಲೀನರೂ ಶುದ್ಧವಿದ್ದು ಎಂಜಿನ್ ಇನ್ನೂ ಸೊರಗುತ್ತಿದ್ದರೆ ಆಗ ನಾಜಲ್, ಆಗ ಇಂಜೆಕ್ಷನ್ ಪಂಪು. ಪೇಟೆಗೆ ಕಳುಹಿಸುವಾಗ ಈ ಓದುಗಳನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟಿ. ಪಂಪಿನವರಿಗೂ ಕೆಲಸ ಹಗುರ, ನಿಮಗೂ ಬಿಲ್ಲಿನ ಬಗ್ಗೆ ಮಾತಾಡಲು ಆಧಾರ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಹಳೆಯ ಸಾಲು ಪಂಪಿನ ಎಂಜಿನ್‌ಗಳಿಗೆ. ಈಚಿನ ಲಾರಿಗಳಲ್ಲಿರುವ ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಹೆಚ್ಚಿನ ಒತ್ತಡದ ಭಾಗದಲ್ಲಿ ಸಾವಿರ ಕಿಲೋಗೂ ಮೀರಿದ ಒತ್ತಡವಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲುದು. ಅವುಗಳ ಕಡಿಮೆ ಒತ್ತಡದ ಅಂಕಿಗಳೂ ಬೇರೆ. ಅಲ್ಲಿ ಸ್ಪ್ಯಾನರ್ ಹಿಡಿಯಬೇಡಿ. ಹಳೆಯ ಎಂಜಿನ್ನಿನಲ್ಲೂ ನಾಜಲ್ಲಿನ ಸಿಂಪಡಣೆಯ ಎದುರಿಗೆ ಕೈ ಹಿಡಿದು ನೋಡುವ ಪದ್ಧತಿ ಅಪಾಯದ್ದೇ.

ಪರೀಕ್ಷೆಗೆ ಸರಿಯಾದ ಕಾಲ ಜನವರಿ. ಕಳೆದ ವರ್ಷದ ಡೀಸೆಲ್ಲನ್ನು ಟ್ಯಾಂಕಿನ ತಳದ ಬೂಚಿನಿಂದ ಸ್ವಲ್ಪ ಗಾಜಿನ ಸೀಸೆಗೆ ಇಳಿಸಿ ಒಂದು ರಾತ್ರಿ ಬಿಡಿ. ಕೆಳಗೆ ನೀರೋ ಲೋಳೆಯೋ ಕಂಡರೆ ಟ್ಯಾಂಕು ಪೂರ್ತಿ ಬರಿದು ಮಾಡಿ ತೊಳೆಯಿರಿ. ಡೀಸೆಲ್ ತುಂಬಿಡಲು ಸತುವಿನ ಲೇಪದ ತಗಡಿನ ಪಾತ್ರೆ ಬೇಡ. ಸತು ಡೀಸೆಲ್ಲಿನೊಡನೆ ಕೂಡಿ ಸಾಬೂನಿನಂಥ ಪದಾರ್ಥವಾಗಿ ಫಿಲ್ಟರನ್ನು ಕಟ್ಟುತ್ತದೆ. ಬೇಸಿಗೆಯ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಕಂಠಪೂರ್ತಿ ತುಂಬಿ ಮುಚ್ಚಿಟ್ಟರೆ ಮಳೆಗಾಲದ ತೇವ ಒಳಗೆ ಬೆವರಲು ಜಾಗವಿರುವುದಿಲ್ಲ.

ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಮೂರು ಓದುಗಳನ್ನು ತೆಗೆದು ಶೆಡ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ: ಹೀರುವ ಕಡೆ ಎಷ್ಟು ಅಂಗುಲ, ಫಿಲ್ಟರಿನ ಮೊದಲು ಎಷ್ಟು, ನಂತರ ಎಷ್ಟು. ಮೇಲೆ ಹೇಳಿದ ಸದಸ್ಯರ ಗೋಡೆಯಲ್ಲಿ ಈಗ ಮೂರು, ಒಂದೂಕಾಲು, ಒಂದೂ ಕಾಲಿಗೆ ಚೂರು ಕಡಿಮೆ ಎಂದಿದೆ. ಅವರ ಮೊಮ್ಮಗಳು ಸುಣ್ಣದ ಗೋಡೆಯ ಮೇಲೆ ಬರೆದದ್ದು. ಕಳೆದ ಬೇಸಿಗೆಯಲ್ಲಿ ಮೊದಲ ಅಂಕಿ ಏಳಕ್ಕೆ ಏರಿದ್ದನ್ನು ಗಮನಿಸಿದವಳೂ ಅವಳೇ. ಜಾಲರಿ ತೊಳೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಜೆಟ್ಟು ಆ ದಿನವೂ ನಿಲ್ಲಲಿಲ್ಲ.

ಗೇಜುಗಳ ಒಂದು ಪೆಟ್ಟಿಗೆಯನ್ನು ಸಂಘದ ಉಗ್ರಾಣದಲ್ಲಿ ಇಟ್ಟಿದ್ದೇವೆ. ಸದಸ್ಯರು ರುಜು ಹಾಕಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಹಿಂದಿರುಗಿಸುವಾಗ ಹೋಸನ್ನು ಒರೆಸಿ, ಬಳಸಿದಷ್ಟು ತಾಮ್ರದ ವಾಷರುಗಳನ್ನು ಹೊಸದಾಗಿ ತುಂಬಿ ಕೊಡಬೇಕೆಂದು ವಿನಂತಿ.